ಆಯುಧಪೂಜೆಯ ದಿನದ ನಮೂದು

2025ರ ನವೆಂಬರ್ 18, ಮಂಗಳವಾರ, ಬೆಳಗ್ಗೆ 9.50. ಕೈಗಾರಿಕಾ ಪ್ರದೇಶದ ಪ್ರೆಸ್ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್ ವೆಂಕಟ್ ವೇಮಗಲ್ ಠಾಣೆಗೆ ಬಂದವನೇ, ಕೂರಿ ಅನ್ನುವ ಮುಂಚೆಯೇ ಕೂತು, ಬೈಂಡಿಂಗ್ ಮಾಡಿಸಿದ ಕಾಗದದ ಕಟ್ಟೊಂದನ್ನು ಇನ್‌ಸ್ಪೆಕ್ಟರ್ ರಮಾದೇವಿಯ ಮೇಜಿನ ಮೇಲೆ ಇಟ್ಟ.

"ಕೊಲೆ ಮೇಡಂ. ಆಕ್ಸಿಡೆಂಟ್ ಅಂತ ಬರ್ಕೋಬೇಡಿ."

ರಮಾದೇವಿ ಕಟ್ಟನ್ನು ಮುಟ್ಟಲಿಲ್ಲ. ಶ್ರೀನಿವಾಸಪುರದ ಕಡೆಯ ಹೆಂಗಸು. ಕಾನ್‌ಸ್ಟೇಬಲ್ ಆಗಿ ಸೇರಿ, ಪರೀಕ್ಷೆ ಬರೆದು, ಇಪ್ಪತ್ತಾರು ವರ್ಷದ ಸೇವೆಯ ಮೇಲೆ ಈ ಕುರ್ಚಿಗೆ ಬಂದವಳು. ಮೊದಲ ಮಾತಿಗೇ ತೀರ್ಪು ತಂದುಕೊಡುವ ದೂರುದಾರರನ್ನು ಬೇಕಾದಷ್ಟು ನೋಡಿದ್ದಳು.

"ಸತ್ತವರು ಯಾರು?"

"ಬಚ್ಚಪ್ಪ. ಐವತ್ತೆರಡು ವರ್ಷ. ಫಿಟ್ಟರ್. ನಾಲ್ಕನೇ ನಂಬರ್ ಪ್ರೆಸ್ಸಲ್ಲಿ ತಗಡಿನ ಚೂರು ಸಿಕ್ಕಾಕೊಂಡಿತ್ತು. ತೆಗೆಯೋಕೆ ಹಿಂದ್ಗಡೆಯಿಂದ ಒಳಗೆ ಬಗ್ಗಿದ್ದ. ಆಪರೇಟರ್ ವೇಣು ಗುಂಡಿ ಒತ್ತಿದ. ಏಳೂ ನಲವತ್ತು ಟೈಮು."

"ನೋಡ್ದೆ ಒತ್ತಿರ್ಬೋದಲ್ಲ?"

"ನೋಡೋ ಅವಶ್ಯಕತೆನೇ ಇಲ್ಲ ಮೇಡಂ. ಒಳಗೆ ಹೋಗೋ ಮುಂಚೆ ಫಿಟ್ಟರ್ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಗುಂಡಿಗಳ ಮೇಲೆ ಹಾಕ್ತಾನೆ. ಟವೆಲ್ ಇದೆ ಅಂದ್ರೆ ಒಳಗೆ ಮನುಷ್ಯ ಇದಾನೆ ಅಂತ. ನಮ್ಮಲ್ಲಿ ಟ್ರೈನಿಂಗ್ ಅಂದ್ರೆ ಮೊದಲು ಹೇಳ್ಕೊಡೋದೇ ಇದು. ವೇಣುಗೆ ಟ್ರೈನಿಂಗ್ ಆಗಿದೆ. ಟವೆಲ್ ತೆಗೆದಿಟ್ಟು ಒತ್ತಿದಾನೆ. ಶನಿವಾರ ಮಾಲೂರು ವ್ಯಾನಲ್ಲಿ ಇಬ್ರಿಗೂ ಜಗಳ ಆಗಿತ್ತು. ಎಲ್ಲಾ ಇದರಲ್ಲಿದೆ, ಹದಿನಾಲ್ಕು ಪೇಜು."

"ಮಷಿನ್ ಆಫ್ ಮಾಡಿ ಬೀಗ ಹಾಕೋ ನಿಯಮ ಇಲ್ವಾ?"

"ಪುಸ್ತಕದಲ್ಲಿದೆ. ಟೈಮ್ ಎಲ್ಲಿರುತ್ತೆ?"

"ಹೆಣ ಎಲ್ಲಿದೆ ಈಗ?"

"ಅಲ್ಲೇ ಇದೆ. ನೀವು ಬರ್ಲಿ ಅಂತ ಕಾದಿದೀವಿ."

"ಬೈಂಡಿಂಗ್ ಮಾತ್ರ ಕಾಯ್ಲಿಲ್ಲ."

ವೆಂಕಟ್ ಮುಖ ಬಿಗಿದುಕೊಂಡ. ಅವನು ಏನಾದರೂ ಅನ್ನುವ ಮುಂಚೆ ಹೆಡ್ ಕಾನ್‌ಸ್ಟೇಬಲ್ ಕದಿರೇಶ ಜೀಪಿನ ಕೀಲಿ ತೆಗೆದುಕೊಂಡಿದ್ದ.

ದೂರಿನಂತೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 231/2025, ಭಾರತೀಯ ನ್ಯಾಯ ಸಂಹಿತೆ ಕಲಂ 105, ಕೊಲೆಯೆನಿಸದ ನರಹತ್ಯೆ. ಜಾಮೀನು ಸುಲಭಕ್ಕೆ ಸಿಗದ ಕಲಂ. ಸಾಬೀತಾದರೆ ಜೀವಾವಧಿವರೆಗೂ ಶಿಕ್ಷೆ. ವೇಣುವಿಗೆ ತರಬೇತಿ ಆಗಿದ್ದರೆ ಟವೆಲ್ ತೆಗೆದದ್ದು ಕೊಲ್ಲುವ ಮನಸ್ಸು. ಆಗಿಲ್ಲದಿದ್ದರೆ ಏನೂ ತಿಳಿಯದ ಒಂದು ಕೈ. ಅವನ ಬದುಕು ಇದೊಂದರ ಮೇಲೆ ನಿಂತಿತ್ತು.

10.35ಕ್ಕೆ ಸ್ಥಳ ಮಹಜರು ಶುರುವಾಯಿತು. ನಾಲ್ಕನೇ ಪ್ರೆಸ್ ಮಾತ್ರ ನಿಂತಿತ್ತು. ಉಳಿದವು ನೆಲ ನಡುಗುವ ಹಾಗೆ ಬಡಿಯುತ್ತಲೇ ಇದ್ದವು.

"ಎಲ್ಲಾ ನಿಲ್ಸಿ," ಎಂದು ರಮಾದೇವಿ ಕೂಗಿದಳು.

"ಸಾಯಂಕಾಲ ಲೋಡ್ ಹೋಗ್ಬೇಕು ಮೇಡಂ!" ವೆಂಕಟ್ ಅದಕ್ಕಿಂತ ಜೋರಾಗಿ ಕೂಗಿದ.

"ಹೆಣದ ಪಕ್ಕ ಲೋಡ್ ತುಂಬ್ತೀಯಾ? ನಿಲ್ಸು."

ನಿಂತವು. ಪಂಚರ ಮುಂದೆ ಕದಿರೇಶ ಒಂದೊಂದೇ ಬರೆದುಕೊಂಡ. ಬಚ್ಚಪ್ಪನನ್ನು ಹೊರತೆಗೆಯುವಾಗ ಇಬ್ಬರು ಪಂಚರಲ್ಲಿ ಒಬ್ಬ ಗೋಡೆ ಹಿಡಿದುಕೊಂಡು ಕೂತುಬಿಟ್ಟ. ಪಂಚನಾಮೆಯ ಹದಿಮೂರನೇ ಸಾಲು ಹೀಗಿತ್ತು: 'ಟೂಲ್ ಬೀರುವಿನ ಮೇಲೆ, ನಾಲ್ಕು ಮಡಿಕೆ ಮಾಡಿ ಇಟ್ಟಿರುವ, ನೀಲಿ ಅಂಚಿನ ಟವೆಲ್ ಒಂದು.'

ರಮಾದೇವಿ ಆ ಟವೆಲನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿನಲ್ಲಿ ಕೊಂದವರು ಬಟ್ಟೆ ಎಸೆದದ್ದನ್ನು ನೋಡಿದ್ದಳು, ಸುಟ್ಟದ್ದನ್ನು ನೋಡಿದ್ದಳು. ಮೂಲೆಗೆ ಮೂಲೆ ಕೂಡಿಸಿ ಮಡಚಿಟ್ಟದ್ದನ್ನು ನೋಡಿರಲಿಲ್ಲ.

ವೇಣುವನ್ನು ಸೆಕ್ಯೂರಿಟಿ ಕೋಣೆಯಲ್ಲಿ ಕೂಡಿಹಾಕಿದ್ದರು. ಇಪ್ಪತ್ತನಾಲ್ಕರ ಹುಡುಗ. ಅಂಗಿಯ ಮೇಲೆಲ್ಲ ವಾಂತಿ.

"ಊರು?"

"ಮಾಸ್ತಿ ಹತ್ರ ಮೇಡಂ."

"ಎಷ್ಟು ದಿನದಿಂದ ಪ್ರೆಸ್ ಓಡಿಸ್ತಿದ್ದೀಯಾ?"

"ಇವತ್ತೇ."

"ನೋಡು, ಸುಳ್ಳು ಹೇಳಿದ್ರೆ ನಾನು ಒಳ್ಳೆಯೋಳಲ್ಲ."

"ಪ್ಯಾಕಿಂಗ್‌ನೋನು ನಾನು. ಬಾಕ್ಸಿಗೆ ಟೇಪ್ ಅಂಟಿಸೋನು. ಆಪರೇಟರ್ ಬಂದಿಲ್ಲ, ಕೂತ್ಕೋ, ಎರಡೂ ಗುಂಡಿ ಒಟ್ಟಿಗೆ ಒತ್ತು, ಅಷ್ಟೇ ಕೆಲಸ ಅಂದ್ರು ವೆಂಕಟ್ ಸಾರ್. ಬೆಳಗ್ಗೆ ಕಾರ್ಡ್ ಇಟ್ಟೆ, ಹಸಿರು ಲೈಟ್ ಬಂತು. ಓಡಿಸ್ತಾ ಇದ್ದೆ. ನೀರು ಕುಡ್ದು ಬರೋಷ್ಟರಲ್ಲಿ..."

"ಟವೆಲ್ ಯಾಕೆ ತೆಗ್ದೆ?"

"ಗುಂಡಿ ಮೇಲೆ ಬಿದ್ದಿತ್ತು. ಬಚ್ಚಪ್ಪಣ್ಣಂದು ಅಂತ ಗೊತ್ತಾಯ್ತು. ಎಣ್ಣೆ ಆಗುತ್ತಲ್ಲ ಅಂತ ಮಡಚಿ ಇಟ್ಟೆ."

"ಅವನ ಜೊತೆ ಜಗಳ ಆಡಿದ್ದೆ."

"ಕಿಟಕಿ ಸೀಟಿಗೆ ಮೇಡಂ." ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅದಕ್ಕೇ ಮಡಚಿದ್ದು. ಕೊಡೋವಾಗ ಮಾತಾಡಿಸ್ಬೋದು ಅಂತ."

ಕೇಳುವುದಕ್ಕೆ ನಿಜದ ಹಾಗೇ ಇತ್ತು. ಆದರೆ ಪ್ರೆಸ್ಸು ಬೇರೆ ಹೇಳುತ್ತಿತ್ತು. ಕಾರ್ಖಾನೆಯ ಪ್ರತಿ ಪ್ರೆಸ್ಸೂ ಕಾರ್ಡ್ ಇಟ್ಟರೆ ಮಾತ್ರ ಶುರುವಾಗುತ್ತದೆ. ಕಾರ್ಡ್ ಇಟ್ಟ ಕೂಡಲೇ ಸರ್ವರ್ ಕೋಣೆಯಲ್ಲಿರುವ ಡೇಟಾಬೇಸನ್ನು ಕೇಳುತ್ತದೆ, ಇವನಿಗೆ ತರಬೇತಿ ಆಗಿದೆಯೇ ಎಂದು. ಇಲ್ಲ ಅಂದರೆ ಅಲುಗಾಡುವುದಿಲ್ಲ.

ಆ ಕೋಣೆಯ ಯಜಮಾನ ಮೂರ್ತಿ. ಮುಳಬಾಗಿಲಿನವನು, ಮೂವತ್ತಾರು ವರ್ಷ, ಸಣಕಲು ಆಳು. ಒಂಬತ್ತು ವರ್ಷದಿಂದ ಇಲ್ಲಿಯ ಕಂಪ್ಯೂಟರುಗಳನ್ನೆಲ್ಲ ಅವನೊಬ್ಬನೇ ನೋಡಿಕೊಳ್ಳುತ್ತಿದ್ದ. ಪರದೆಯ ಮೇಲೆ ಬೆರಳಿಟ್ಟು ಓದಿದ. "ವೇಣು. ಪ್ರೆಸ್ ತರಬೇತಿ, ಅಕ್ಟೋಬರ್ 1, ಬೆಳಗ್ಗೆ 11.20. ನಮೂದು ಮಾಡಿದೋರು ಎಚ್‌ಆರ್ ಚಂದನ. ನಲವತ್ತೈದು ದಿನ ಪಕ್ಕದಲ್ಲಿ ನಿಂತು ಕಲೀಬೇಕು. ಆಮೇಲೆ ಕಾರ್ಡ್ ತಾನಾಗೇ ಓಪನ್ ಆಗುತ್ತೆ."

"ಈ ತಾರೀಕನ್ನ ತಿದ್ದಬೋದಾ?"

"ಆಗಲ್ಲ. ತಾರೀಕು ಕೈಯಲ್ಲಿ ಹಾಕೋಕೆ ಜಾಗಾನೇ ಇಲ್ಲ, ಡೇಟಾಬೇಸೇ ಹಾಕ್ಕೊಳುತ್ತೆ. ಅದರ ಪಾಸ್‌ವರ್ಡ್ ಹೊಸೂರಿನ ಸಾಫ್ಟ್‌ವೇರ್‌ನೋರ ಹತ್ರ ಇದೆ. ನಂಗೂ ಕೊಟ್ಟಿಲ್ಲ."

ತಾರೀಕಿನ ಬಗ್ಗೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದು ರಮಾದೇವಿಗೆ ಗೊತ್ತಾದದ್ದು ಮಾರನೇ ದಿನ.

ಗೇಟಿನ ಹೊರಗೆ ಬಚ್ಚಪ್ಪನ ಹೆಂಡತಿ ಮುನಿಯಲ್ಲಮ್ಮ ನೆಂಟರೊಂದಿಗೆ ಬಂದು ನಿಂತಿದ್ದಳು. ವೇಣುವನ್ನು ಜೀಪಿಗೆ ಕರೆತರುವಾಗ ಪೊಲೀಸರನ್ನು ತಳ್ಳಿಕೊಂಡು ಮುನ್ನುಗ್ಗಿದಳು.

"ನಾ ಕೊಂಪ ಕೂಲ್ಚೇಸ್ತಿವಿ ಕದರಾ!" ನನ್ನ ಮನೆ ಕೆಡವಿಬಿಟ್ಟೆಯಲ್ಲೋ ಎಂದು ತೆಲುಗಿನಲ್ಲಿ ಚೀರಿದಳು. ಮತ್ತೆ ರಮಾದೇವಿಯ ಕಡೆ ತಿರುಗಿ, "ಇವನನ್ನ ಜೀಪಲ್ಲಿ ಮೆರವಣಿಗೆ ಮಾಡ್ತೀಯೇನಮ್ಮಾ? ನಮ್ಮ ಕೈಗೆ ಕೊಡು," ಎಂದಳು. ಹಿಂದಿನಿಂದ ಒಂದು ಕಲ್ಲು ಬಂದು ಜೀಪಿನ ಬಾನೆಟ್ಟಿಗೆ ಬಡಿಯಿತು. ನನ್ನನ್ನು ಊರಿಗೆ ಮಾತ್ರ ಕಳಿಸಬೇಡಿ, ಠಾಣೆಯಲ್ಲೇ ಇರುತ್ತೇನೆ ಎಂದು ಹುಡುಗ ಕದಿರೇಶನ ಕಾಲು ಹಿಡಿದುಕೊಂಡ.

ಮಧ್ಯಾಹ್ನ ಒಂದಕ್ಕೆ ಕೋಲಾರದಿಂದ ಡಿವೈಎಸ್‌ಪಿ ಫೋನು. ಸತ್ತವನ ಕಡೆಯವರು ಹೆಣ ಇಟ್ಟುಕೊಂಡು ರಸ್ತೆ ತಡೆ ಮಾಡುತ್ತೇವೆ ಅನ್ನುತ್ತಿದ್ದಾರಂತೆ. "ದಾಖಲೆ ಇದೆ, ಜಗಳ ಇದೆ, ಇನ್ನೇನ್ ಬೇಕು ನಿಮ್ಗೆ? ನಾಳೆ ಸಾಯಂಕಾಲ ಐದರೊಳಗೆ ಅರೆಸ್ಟ್ ತೋರ್ಸಿ."

ಫೋನ್ ಇಟ್ಟು ಹೊರಗೆ ಬಂದರೆ, ಶೆಡ್ಡಿನ ಬಾಗಿಲಲ್ಲಿ ಕಸ ಗುಡಿಸುವ ಆವಲಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಆ ಹುಡ್ಗ ಸುಳ್ಳು ಹೇಳ್ತಿಲ್ಲ ಕಣಮ್ಮ. ಬೆಳಗ್ಗೆ ನಾನು ಅಲ್ಲೇ ಗುಡಿಸ್ತಿದ್ದೆ. ಈವಯ್ಯನೇ ಪ್ಯಾಕಿಂಗಿಂದ ಕರ್ಕೊಂಡ್ಬಂದು ಕೂರಿಸಿದ್ದು. ನಂಗೆ ಬರಲ್ಲ ಸಾರ್ ಅಂದ ಅವನು. ಬರದೇ ಇರೋಕೆ ಇದೇನು ಭರತನಾಟ್ಯನಾ ಅಂದ್ರು."

ಹಿಂದೆಯೇ ಬಂದಿದ್ದ ವೆಂಕಟ್ ನಕ್ಕ. "ಮೇಡಂ, ಸಾಕ್ಷಿ ಬರ್ಕೊಳೋ ಮುಂಚೆ ಹಾಜರಿ ನೋಡಿ. ಇವತ್ತು ಇವಳು ಆಬ್ಸೆಂಟು. ಬೆಳಗ್ಗೆ ಬಂದೇ ಇಲ್ಲ. ಸುದ್ದಿ ಕೇಳಿ ಆಮೇಲೆ ಬಂದಿದಾಳೆ."

"ಏನ್ಲಾ ಅಂದೆ?" ಆವಲಮ್ಮ ಪೊರಕೆ ಎತ್ತಿಕೊಂಡಳು. "ರಕ್ತದ ಮೇಲೆ ಮರದ ಹೊಟ್ಟು ಹಾಕು ಅಂತ ಎಂಟು ಗಂಟೆಗೆ ನಂಗೆ ಬೊಗಳಿದ್ದು ಯಾರು? ಆಬ್ಸೆಂಟ್ ಆದೋಳಿಗೆ ಹೇಳಿದ್ಯಾ? ಹಾಲು ಕರೆದು ಡೈರಿಗೆ ಹಾಕಿ ಬರೋ ಹೊತ್ಗೆ ಆರೂ ಕಾಲಾಗಿತ್ತು, ಲೇಟು, ಒಪ್ಕೋತೀನಿ. ಬೆರಳು ಒತ್ತಿದೀನಿ. ಟೀಂ ಅಂತು ನಿನ್ನ ಮಷಿನ್ನು!"

ಮೂರ್ತಿಯ ಪರದೆಯಲ್ಲಿ ನವೆಂಬರ್ 18ರ ಹಾಜರಿ ತೆಗೆಸಿದರು. ಆವಲಮ್ಮನ ಹೆಸರಿನ ಮುಂದೆ ಖಾಲಿ. ವೆಂಕಟ್ ಕೈ ಚೆಲ್ಲಿ ತೋರಿಸಿದ. ಹುಡುಗನ ಪಾಲಿಗಿದ್ದ ಒಂದೇ ಸಾಕ್ಷಿಯನ್ನೂ ಅದೇ ಸರ್ವರ್ ನುಂಗಿತ್ತು.

ರಮಾದೇವಿ ಮಾತ್ರ ಮೂರ್ತಿಯ ಮುಖವನ್ನೇ ನೋಡುತ್ತಿದ್ದಳು. ಖಾಲಿ ಜಾಗ ಕಂಡಾಗ ವೆಂಕಟ್ ಹಿಗ್ಗಿದ್ದ. ಮೂರ್ತಿಗೆ ಅದು ಹೊಸದು. ಅವನ ಹಣೆಯಲ್ಲಿ ಬೆವರು ಕಾಣಿಸಿತು.

3.30ಕ್ಕೆ ಕೋಲಾರದ ಸೈಬರ್ ಠಾಣೆಯಿಂದ ಕಾನ್‌ಸ್ಟೇಬಲ್ ಸಹನ ಬಂದಳು. ಬಿಸಿಎ ಓದಿ ಇಲಾಖೆ ಸೇರಿದವಳು, ಹೆಗಲಲ್ಲಿ ಎರಡು ಚೀಲ. ಪಂಚರನ್ನು ಎದುರಿಗೆ ಕೂರಿಸಿಕೊಂಡು ಸರ್ವರಿನ ನಕಲು ತೆಗೆಯಲು ಶುರುಮಾಡಿದಳು. ಮೂರ್ತಿ ಅವಳ ಹಿಂದೆಯೇ ನಿಂತಿದ್ದ.

"ಆಫ್ ಮಾಡ್ಬೇಡಿ ಮೇಡಂ. ಆ ವೈರ್ ಮುಟ್ಬೇಡಿ. ಅಲ್ಲಿ ಕೈ ಇಡ್ಬೇಡಿ."

"ಕೆಲಸ ಮಾಡೋಕೆ ಬಿಡಿ."

"ನಿಮ್ಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ನಿಮ್ಮನ್ನೇ ಕೇಳ್ತೀನಿ. ಅಲ್ಲೀವರ್ಗೂ ಆ ಗೆರೆಯಿಂದ ಆಚೆ ನಿಂತ್ಕೊಳಿ," ಎಂದು ಸಹನ ನೆಲದ ಹಳದಿ ಪಟ್ಟಿ ತೋರಿಸಿದಳು.

ನವೆಂಬರ್ 19, ಬುಧವಾರ, ಬೆಳಗ್ಗೆ 10.15. ಠಾಣೆಯಲ್ಲಿ ಸಹನ ಲ್ಯಾಪ್‌ಟಾಪ್ ತೆರೆದಳು. ಒಳಕೋಣೆಯ ಬೆಂಚಿನ ಮೇಲೆ ವೇಣು, ಕದಿರೇಶ ತರಿಸಿಕೊಟ್ಟ ಇಡ್ಲಿಯನ್ನು ಮುಟ್ಟದೆ ಕೂತಿದ್ದ.

"ಮೇಡಂ, ಡೇಟಾಬೇಸ್‌ಗೆ ಸ್ವಂತ ಗಡಿಯಾರ ಇಲ್ಲ."

"ಮತ್ತೆ ತಾರೀಕು ಹಾಕ್ಕೊಳುತ್ತೆ ಅಂದ?"

"ಹಾಕ್ಕೊಳುತ್ತೆ. ಆದ್ರೆ ವಿಂಡೋಸನ್ನ ಕೇಳಿ ಹಾಕ್ಕೊಳುತ್ತೆ. ಅದು ಕೂತಿರೋದೇ ವಿಂಡೋಸ್ ಮೇಲೆ. ಡಿಸ್ಕಲ್ಲಿ ಜಾಗ ಬೇಕಾ, ಮೆಮೊರಿ ಬೇಕಾ, ಟೈಮ್ ಬೇಕಾ, ಎಲ್ಲಾ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳ್ಬೇಕು. ಅದು ಏನು ಹೇಳಿದ್ರೂ ನಂಬುತ್ತೆ."

ರಮಾದೇವಿ ಯೋಚಿಸಿದಳು. ಕೋಲಾರದ ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗೆ ಒಂದು ಸಂಸಾರವಿತ್ತು. "ನಮ್ಮ ಮೇಲ್ಗಡೆ ಮನೆಯವರ ಹಾಗೆ. ಅವರ ಬಾಗಿಲಿನ ಬೀಗದ ಕೈ ಅವರದ್ದೇ, ನಾನು ಒಳಗೆ ಕಾಲಿಡೋ ಹಾಗಿಲ್ಲ. ಆದ್ರೆ ನೀರಿನ ಮೋಟಾರೂ ಕರೆಂಟಿನ ಮೇನೂ ಕೆಳಗೆ ನನ್ನ ಕೈಯಲ್ಲಿದೆ."

"ಅದೇ ಮೇಡಂ. ಡೇಟಾಬೇಸಿನ ಕೀಲಿ ಹೊಸೂರಿನವರ ಹತ್ರ. ವಿಂಡೋಸಿನ ಕೀಲಿ ಮೂರ್ತಿ ಹತ್ರ. ಒಳಗಿರೋ ದಾಖಲೆ ತಿದ್ದೋಕೆ ಅವನಿಗಾಗಲ್ಲ. ಆದ್ರೆ ಕೆಳಗೆ ಗಡಿಯಾರ ಹಿಂದಕ್ಕೆ ತಿರುಗಿಸಿ, ಚಂದನ ಹೆಸರಲ್ಲಿ ಹೊಸ ನಮೂದು ಹಾಕಿ, ಮತ್ತೆ ಸರಿ ಮಾಡ್ಬೋದು. ಡೇಟಾಬೇಸ್ ತಾನೇ ಕೈಯಾರೆ ಹಳೇ ತಾರೀಕು ಬರ್ಕೊಳುತ್ತೆ."

"ಮಾಡ್ಬೋದು ಅನ್ನೋದು ಬೇರೆ. ಮಾಡಿದಾನೆ ಅನ್ನೋದು ಬೇರೆ."

ಸಹನ ಪರದೆ ತಿರುಗಿಸಿದಳು. "ಅಕ್ಟೋಬರ್ 1ರ ಬೆಳಗ್ಗೆದು ಇದು. ಮುನ್ನೂರು ಜನ ಇರೋ ಫ್ಯಾಕ್ಟರಿ. ಒಂಬತ್ತೂವರೆ ಆದ್ಮೇಲೆ ಮೂರು ಗಂಟೆ ತನಕ ಎರಡೇ ಎರಡು ನಮೂದು ಇದೆ. 11.20ಕ್ಕೆ ವೇಣು ತರಬೇತಿ. 11.22ಕ್ಕೆ ಒಬ್ಬರ ಹಾಜರಿ. ಯಾರದ್ದು ನೋಡಿ."

ಆವಲಮ್ಮ.

ರಮಾದೇವಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಎಲ್ಲವೂ ಒಟ್ಟಿಗೆ ಕಂಡಿತು. ನವೆಂಬರ್ 18ರ ಬೆಳಗ್ಗೆ ಆರೂ ಕಾಲಿನ ಸುಮಾರಿಗೆ ಸರ್ವರಿನ ಗಡಿಯಾರ ನಾಲ್ಕೈದು ನಿಮಿಷ ಅಕ್ಟೋಬರಿಗೆ ಹೋಗಿ ಬಂದಿದೆ. ಉಳಿದವರೆಲ್ಲ ಅದಕ್ಕೆ ಮುಂಚೆಯೇ ಬೆರಳು ಒತ್ತಿ ಒಳಗೆ ಹೋಗಿದ್ದರು. ಹಾಲು ಕರೆದು ತಡವಾಗಿ ಬಂದವಳು ಇವಳೊಬ್ಬಳೇ. ಅವಳ ಹಾಜರಿಯೂ ಹಳೆಯ ತಾರೀಕಿಗೆ ಹೋಗಿ ಬಿತ್ತು. ಅಳಿಸೋಣವೆಂದರೆ ಮೂರ್ತಿಯ ಹತ್ತಿರ ಆ ಕೀಲಿ ಇಲ್ಲ.

"ಅಕ್ಟೋಬರ್ ಒಂದರಲ್ಲಿ ಆ ಹೊತ್ತಿಗೆ ಬೇರೆ ಯಾರ ನಮೂದೂ ಯಾಕಿಲ್ಲ?"

"ಅದೇ ಗೊತ್ತಾಗ್ತಿಲ್ಲ ಮೇಡಂ."

11.40ಕ್ಕೆ ಚಂದನಳನ್ನು ಕರೆಸಿದರು. ಎಚ್‌ಆರ್ ವಿಭಾಗದ ಗುಮಾಸ್ತೆ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ರಮಾದೇವಿ ಅವಳನ್ನು ಕೂರಲು ಹೇಳಲಿಲ್ಲ.

"ಕಲಿಯದೇ ಇರೋನಿಗೆ ತರಬೇತಿ ಆಗಿದೆ ಅಂತ ಬರ್ದಿದ್ದೀಯಾ. ಒಬ್ಬ ಸತ್ತಿದಾನೆ."

"ನಾನು ಬರ್ದಿಲ್ಲ ಮೇಡಂ."

"ನಿನ್ನ ಹೆಸರಿದೆ. ಅಕ್ಟೋಬರ್ ಒಂದು, 11.20."

"ಬರ್ದಿಲ್ಲ ಅಂದ್ರೆ ಬರ್ದಿಲ್ಲ!" ಅಳುತ್ತಿದ್ದ ಹುಡುಗಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. "ಅವತ್ತು ಆಯುಧಪೂಜೆ ಮೇಡಂ. ಒಂದು ಕಂಪ್ಯೂಟರೂ ಆನ್ ಇರ್ಲಿಲ್ಲ. ನಾನು ಗೇಟ್ ಹತ್ರ ರಂಗೋಲಿ ಬಿಡ್ತಿದ್ದೆ. ಹಾಜರೀನೂ ಪುಸ್ತಕದಲ್ಲೇ ಸಹಿ ಹಾಕಿಸಿದ್ದು, ಬೇಕಾದ್ರೆ ತರ್ಸಿ ನೋಡಿ."

"ಕಂಪ್ಯೂಟರ್ ಆಫ್ ಇದ್ರೂ ಸರ್ವರ್ ಓಡ್ತಿರುತ್ತಲ್ಲ?"

"ಅದನ್ನೂ ಆಫ್ ಮಾಡಿದ್ರು. ಎಲೆಕ್ಟ್ರಿಷಿಯನ್ ಅನಿಲ್‌ಕುಮಾರ್ ಅಣ್ಣ. ಎಲ್ಲಾ ಮಷಿನ್ನೂ ಮಲಗಿದಾವೆ, ಪಾಪ ಇದೊಂದಕ್ಕೇ ರಜ ಇಲ್ವಾ ಅಂತ." ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದಳು. ಸರ್ವರಿನ ಕಪಾಟಿಗೆ ಸೇವಂತಿಗೆ ಹಾರ, ಮೂರು ಕಡೆ ಕುಂಕುಮ, ಬುಡದಲ್ಲಿ ನಿಂಬೆಹಣ್ಣು. ಸರ್ವರಿನ ಒಂದು ಲೈಟೂ ಉರಿಯುತ್ತಿರಲಿಲ್ಲ. ಚಿತ್ರ ತೆಗೆದದ್ದು ಅಕ್ಟೋಬರ್ 1, 11.31. "ಮೂರ್ತಿ ಸಾರ್ ಇದ್ದಿದ್ರೆ ಮುಟ್ಟೋಕೆ ಬಿಡ್ತಿರ್ಲಿಲ್ಲ. ಅವರು ಹಬ್ಬಕ್ಕೆ ಮುಳಬಾಗಿಲಿಗೆ ಹೋಗಿದ್ರು."

"ವಾಪಸ್ ಬಂದ್ಮೇಲೆ ಹೇಳಿದ್ರಾ?"

"ಬೈತಾರೆ ಅಂತ ಯಾರೂ ಬಾಯಿ ಬಿಡ್ಲಿಲ್ಲ."

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

ಹುಡುಗಿ ತಲೆ ತಗ್ಗಿಸಿದಳು. "ಮಾನಿಟರ್‌ಗೆ ಚೀಟಿ ಅಂಟಿಸಿದೀನಿ."

ಸಹನ ಅಷ್ಟರಲ್ಲಿ ಇನ್ನೊಂದು ಕಡತ ತೆರೆದಿದ್ದಳು. ಯಾವಾಗ ಎದ್ದೆ, ಯಾವಾಗ ಮಲಗಿದೆ ಎಂದು ವಿಂಡೋಸ್ ಬರೆದುಕೊಳ್ಳುವ ದಿನಚರಿಯನ್ನು ನಿನ್ನೆ ಬೆಳಗ್ಗೆ 8.05ಕ್ಕೆ, ಅಂದರೆ ಬಚ್ಚಪ್ಪ ಸತ್ತ ಇಪ್ಪತ್ತೈದು ನಿಮಿಷಕ್ಕೆ, ಅಳಿಸಲಾಗಿತ್ತು. ಅಳಿಸಿದವರು ಯಾರು ಎಂಬ ಒಂದು ಸಾಲು ಮಾತ್ರ ತಾನಾಗಿ ಉಳಿದಿತ್ತು: ಮೂರ್ತಿಯ ಖಾತೆ. ಆದರೆ ಡೇಟಾಬೇಸೂ ತನ್ನದೊಂದು ದಿನಚರಿ ಇಟ್ಟುಕೊಳ್ಳುತ್ತದೆ. ಅದು ಎದ್ದು ಕೆಲಸ ಮಾಡುತ್ತಿರುವಷ್ಟು ಹೊತ್ತು ಆ ಕಡತವನ್ನು ಕೈಯಲ್ಲೇ ಹಿಡಿದಿರುತ್ತದೆ, ವಿಂಡೋಸ್ ಕೂಡ ಅಳಿಸಗೊಡುವುದಿಲ್ಲ. ಅಳಿಸಬೇಕಾದರೆ ಡೇಟಾಬೇಸ್ ನಿಲ್ಲಿಸಬೇಕು. ನಿಲ್ಲಿಸಿದರೆ ಪೊಲೀಸರು ಬರುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಎಲ್ಲ ಪ್ರೆಸ್ಸೂ ನಿಂತು ಎಲ್ಲರ ಕಣ್ಣೂ ಅಲ್ಲಿಗೆ ತಿರುಗುತ್ತದೆ. ಪ್ರತಿ ಸಲ ಎದ್ದಾಗ ಹೊಸದಾಗಿ ಶುರುವಾಗುವ ಆ ದಿನಚರಿಯ ಮೊದಲ ಸಾಲು ಹೀಗಿತ್ತು: ಅಕ್ಟೋಬರ್ 1, ಮಧ್ಯಾಹ್ನ 2.52, ಶುರುವಾಗಿದೆ.

"ಮನೆಗೇ ಬೀಗ ಬಿದ್ದಿರೋವಾಗ ಬಾಡಿಗೆಯವರು ಒಳಗೆ ಕೂತು ಕಾಗದ ಬರ್ದಿದಾರೆ," ಎಂದಳು ರಮಾದೇವಿ. "ಕದಿರೇಶ, ಅವನನ್ನ ಕರ್ಕೊಂಡ್ಬಾ."

ಮಧ್ಯಾಹ್ನ 3.10. ಮೂರ್ತಿ ಕೈಕಟ್ಟಿ ಕೂತ. ಹೊರಗೆ ಮುನಿಯಲ್ಲಮ್ಮನ ಕಡೆಯವರು ಗೇಟು ಬಡಿಯುತ್ತಿದ್ದರು. ಡಿವೈಎಸ್‌ಪಿ ಎರಡು ಸಲ ಫೋನ್ ಮಾಡಿದ್ದರು.

"ಕಾಲ್ ರೆಕಾರ್ಡ್ ತರಿಸಿದೀನಿ. ನಿನ್ನೆ ಬೆಳಗ್ಗೆ 6.07ಕ್ಕೆ ವೆಂಕಟ್ ನಿನಗೆ ಫೋನ್ ಮಾಡಿದ. ನಲವತ್ತು ಸೆಕೆಂಡು. ಏನಂದ?"

"ಪ್ರಿಂಟರ್ ಕೆಟ್ಟಿದೆ ಅಂದ್ರು."

"ಸರ್ವರಿನ ದಿನಚರಿ ಯಾಕೆ ಅಳಿಸ್ದೆ?"

"ಜಾಗ ತುಂಬಿತ್ತು. ತಿಂಗಳಿಗೊಂದ್ಸಲ ಅಳಿಸ್ತೀನ್ ಮೇಡಂ, ಅದು ಮೆಂಟೆನೆನ್ಸ್."

"ಮನುಷ್ಯ ಸತ್ತ ಇಪ್ಪತ್ತೈದು ನಿಮಿಷಕ್ಕೆ ಮೆಂಟೆನೆನ್ಸಾ?"

"ನನ್ನ ಕೆಲಸ ನಿಮಗೆ ಅರ್ಥ ಆಗಲ್ಲ."

ರಮಾದೇವಿ ಮೊಬೈಲಿನ ಚಿತ್ರವನ್ನು ಅವನ ಮುಂದಿಟ್ಟಳು. "ಇದು ಅರ್ಥ ಆಗುತ್ತಾ ನೋಡು. ಆಯುಧಪೂಜೆ ದಿನದ್ದು."

ಮೂರ್ತಿ ಹಾರ ನೋಡಿದ, ಕುಂಕುಮ ನೋಡಿದ. ಆಮೇಲೆ ಆರಿದ ಲೈಟುಗಳನ್ನು ನೋಡಿದ. ಎರಡು ದಿನದಿಂದ ಮೆತ್ತಗಿದ್ದ ದನಿ ಮೊದಲ ಸಲ ಮೇಲೇರಿತು.

"ಆಫ್ ಮಾಡಿದ್ರಾ? ನನ್ನ ಕೇಳ್ದೆ ಆಫ್ ಮಾಡಿದ್ರಾ? ಯಾವ ಬೋಳಿಮಗ ಮುಟ್ಟಿದ್ದು?"

ಕದಿರೇಶ ಬರೆಯುವುದನ್ನು ನಿಲ್ಲಿಸಿದ. ತನ್ನ ಸುಳ್ಳು ಬಯಲಾಯಿತೆಂದು ತಿಳಿಯುವುದಕ್ಕೂ ಮುಂಚೆ, ತನ್ನ ಸರ್ವರನ್ನು ಬೇರೆಯವರು ಮುಟ್ಟಿದರಲ್ಲ ಎಂಬ ಸಿಟ್ಟು ಅವನಿಗೆ. ತಿಳಿದಾಗ ಮುಖ ನಿಧಾನವಾಗಿ ಬೂದಿಯಾಯಿತು.

"ಅದೇ ದಿನ ಯಾಕೆ ಆರಿಸ್ಕೊಂಡೆ?"

"ನಲವತ್ತೈದು ದಿನ ಹಿಂದಕ್ಕೆ ಹೋಗ್ಬೇಕಿತ್ತು. ಹಬ್ಬದ ದಿನ ಮೂರೂ ಶಿಫ್ಟಿನವರು ಬಂದಿರ್ತಾರೆ. ಅವತ್ತು ಇವನು ಇರ್ಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ." ಚಿತ್ರವನ್ನು ಮತ್ತೆ ನೋಡಿ ಅಂದ, "ನಾನೊಬ್ಬನೇ ಇರ್ಲಿಲ್ಲ."

"ವೆಂಕಟ್ ಏನಂದ?"

"ಹುಡುಗನ ಕಾರ್ಡ್ ಓಪನ್ ಮಾಡು, ನಿನ್ ಬಿಟ್ರೆ ಯಾರಿಂದ್ಲೂ ಆಗಲ್ಲ ಅಂದ್ರು."

"ಎಷ್ಟು ಕೊಟ್ಟ?"

ಮೂರ್ತಿಗೆ ಪ್ರಶ್ನೆ ಅರ್ಥವಾದ ಹಾಗೆ ಕಾಣಲಿಲ್ಲ. "ಏನೂ ಇಲ್ಲ ಮೇಡಂ."

"ಮತ್ತೆ?"

"ಒಂಬತ್ತು ವರ್ಷ ಆಯ್ತು. ಇನ್ನೂ ಕಾಂಟ್ರಾಕ್ಟೇ. ಕ್ಯಾಂಟೀನಲ್ಲಿ ನನ್ನ 'ಏ ಕಂಪ್ಯೂಟರ್' ಅಂತಾರೆ. ಎಂ.ಡಿ. ಬಂದಾಗ ಎಲ್ಲರ ಪರಿಚಯ ಮಾಡ್ಸಿ ನನ್ನ ಹತ್ರ ಬಂದು ಹೆಸರು ಮರೀತಾರೆ. ಕಾರ್ಡ್ ಓಪನ್ ಮಾಡಿಸ್ಕೊಳೋಕೆ ಬಂದಾಗ ಮಾತ್ರ ಮೂರ್ತಿ ಅಂತಾರೆ ಮೇಡಂ. ಮೂರ್ತಿ, ನೀನೇ ಕಾಪಾಡಬೇಕು ಅಂತಾರೆ." ಅವನು ಕೈಯ ಉಗುರು ನೋಡಿಕೊಂಡ. "ಹನ್ನೊಂದು ಸಲ ಏನೂ ಆಗಿರ್ಲಿಲ್ಲ."

ರಮಾದೇವಿ ಕುರ್ಚಿಯಲ್ಲಿ ಮುಂದಕ್ಕೆ ಬಂದಳು. "ಹನ್ನೊಂದು ಜನಾನಾ?"

"ಹೌದು. ವೇಣು ಹನ್ನೆರಡನೆಯವನು."

"ಅವರೆಲ್ಲ ಎಲ್ಲಿದಾರೆ ಈಗ?"

ಮೂರ್ತಿ ಗೋಡೆಯ ಗಡಿಯಾರ ನೋಡಿದ. ನಾಲ್ಕನೇ ಪ್ರೆಸ್ ಬಿಟ್ಟು ಉಳಿದವು ಬೆಳಗ್ಗೆಯಿಂದ ಮತ್ತೆ ಓಡುತ್ತಿದ್ದವು. "ಮಧ್ಯಾಹ್ನ ಎರಡರಿಂದ ಶುರುವಾಗೋ ಶಿಫ್ಟಲ್ಲಿ ಐದು ಜನ ಇರ್ತಾರೆ," ಅಂದ.

ಕಾಗದ ಕೊಟ್ಟಳು. ಒಂದೂ ತಪ್ಪದ ಹಾಗೆ, ಕಾರ್ಡ್ ನಂಬರಿನ ಸಮೇತ, ಯಾರು ಯಾವಾಗ ಬಂದು ಕೇಳಿದರು ಎಂಬುದನ್ನೂ ಸೇರಿಸಿ, ಹನ್ನೊಂದು ಹೆಸರನ್ನು ದುಂಡಗೆ ಬರೆದುಕೊಟ್ಟ. ಕಾಗದದ ಶಾಯಿ ಆರುವ ಮುಂಚೆ ಕದಿರೇಶನ ಜೀಪು ಗೇಟು ದಾಟಿತ್ತು. 4.02ಕ್ಕೆ ಅವನು ಕಾರ್ಖಾನೆಯ ಮೇನ್ ಸ್ವಿಚ್ಚನ್ನು ತಾನೇ ಕೆಳಗೆಳೆದ. ಐವರಲ್ಲಿ ಒಬ್ಬಳಾದ ಸುನಂದ ಚಹಾ ಕುಡಿದು ಬಂದು ಆಗಷ್ಟೇ ಪ್ರೆಸ್ಸಿನ ಮುಂದೆ ಕೂತಿದ್ದಳು, ಅವಳದು ಮೂರನೇ ದಿನ. ಯಾಕೆ ನಿಲ್ಲಿಸಿದಿರಿ, ಇವತ್ತಿನ ಹಾಜರಿ ಹೋಗುತ್ತದೆ ಎಂದು ಕದಿರೇಶನ ಮೇಲೆಯೇ ಜಗಳಕ್ಕೆ ನಿಂತಳು. ವೆಂಕಟ್ ಹಿಂದಿನ ಗೇಟಿನ ಕಡೆ ಹೋಗುತ್ತಿದ್ದ. ಪಾರ್ಕಿಂಗಿನಲ್ಲಿ ಸಿಕ್ಕ.

3.55ಕ್ಕೆ ಮೂರ್ತಿಯ, 4.20ಕ್ಕೆ ವೆಂಕಟ್‌ನ ಬಂಧನ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ಸುಳ್ಳು ದಾಖಲೆ ಸೃಷ್ಟಿ, ಸಾಕ್ಷ್ಯನಾಶ. ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ. ನ್ಯಾಯಾಲಯಕ್ಕೆ ಹೋದ ವರದಿಯಲ್ಲಿ ವೇಣುವಿನ ಹೆಸರು ಆರೋಪಿ ಕಾಲಮಿನಿಂದ ಸಾಕ್ಷಿ ಕಾಲಮಿಗೆ ಬಂತು. ಡಿವೈಎಸ್‌ಪಿಗೆ ಐದು ಗಂಟೆಯೊಳಗೆ ಅರೆಸ್ಟ್ ಬೇಕಿತ್ತು, ಎರಡು ಸಿಕ್ಕವು. ಅವರು ಒಳ್ಳೆಯದು ಕೆಟ್ಟದ್ದು ಏನೂ ಅನ್ನದೆ ಫೋನ್ ಇಟ್ಟರು.

ರಮಾದೇವಿ ಮುನಿಯಲ್ಲಮ್ಮನನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿದಳು. ಆ ಹೆಂಗಸು ಕೊನೆಯವರೆಗೂ ಕೇಳಿಸಿಕೊಂಡು, ಬೆಂಚಿನ ಮೇಲಿದ್ದ ವೇಣುವಿನ ಮುಂದೆ ಹೋಗಿ ನಿಂತಳು. ಅವನು ಎದ್ದು ಕೈಮುಗಿದ.

"ಗುಂಡಿ ಒತ್ತಿದ ಕೈ ಅದೇ ತಾನೆ?" ಎಂದಳು. "ನನ್ ಕಣ್ಣಿಗೆ ಬೀಳ್ಬೇಡ."

ಹೊರಗೆ ಹೋಗಿ ತನ್ನವರನ್ನು ಮಾತ್ರ ಕರೆದುಕೊಂಡು ಹೊರಟುಹೋದಳು. ಗೇಟಿನ ಹತ್ತಿರ ಇನ್ನೊಂದು ಕಲ್ಲು ಎತ್ತಿದವನ ಕೈಗೆ ಅವಳೇ ಹೊಡೆದಳು.

ಮರುದಿನ, ನವೆಂಬರ್ 20ರ ಬೆಳಗ್ಗೆ, ಮೂರ್ತಿಯನ್ನು ಕೋಲಾರದ ನ್ಯಾಯಾಲಯಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ಅವನು ಮನೆಯ ಬಗ್ಗೆಯಾಗಲಿ ವಕೀಲರ ಬಗ್ಗೆಯಾಗಲಿ ಕೇಳಲಿಲ್ಲ. ಟೊಮೇಟೊ ಮಾರುಕಟ್ಟೆಯ ಹತ್ತಿರ ಲಾರಿಗಳ ಮಧ್ಯೆ ಜೀಪು ನಿಂತಾಗ ಒಂದೇ ಮಾತು ಕೇಳಿದ.

"ಸರ್ವರ್ ಈಗ ಯಾರು ನೋಡ್ಕೊಳ್ತಿದಾರೆ ಸಾರ್?"

"ಯಾರೋ ಹೊಸಬ ಬಂದಿದಾನೆ," ಅಂದ ಕದಿರೇಶ.

"ಹೆಸರೇನು?"

ಕದಿರೇಶ ಬೆಳಗ್ಗೆ ಆ ಹೊಸಬನಿಂದಲೇ ಎರಡು ಕಡೆ ಸಹಿ ಹಾಕಿಸಿಕೊಂಡು ಬಂದಿದ್ದ. ನೆನಪು ಮಾಡಿಕೊಳ್ಳಲು ನೋಡಿದ. ಬರಲಿಲ್ಲ.